ಗಣಿ ಬಾಯಲ್ಲಿ ಪಿಎಚ್ 6.2, ಹೂಳುಕೊಳ ದಾಟಿದ ಮೇಲೆ 3.8: ಕೆಟ್ಟಿರುವುದು ಮೀಟರೋ ನೀರೋ?

ಹಳ್ಳದಂಡೆ

ಹಳೆಯ ಕಲ್ಲಿದ್ದಲು ಸುರಂಗವೊಂದರಿಂದ ಹೊರಬರುವ ನೀರಿನ ವರದಿ ಇದು. ಸುರಂಗದ ಬಾಯಲ್ಲಿ ತೆಗೆದ ಮಾದರಿಯಲ್ಲಿ ಪಿಎಚ್ 6.2, ಕ್ಷಾರೀಯತೆ 60, ಕರಗಿದ ಕಬ್ಬಿಣ 50, ಮ್ಯಾಂಗನೀಸ್ 5, ಸಲ್ಫೇಟ್ 400. ಪಿಎಚ್ ಬಿಟ್ಟು ಎಲ್ಲವೂ ಲೀಟರಿಗೆ ಮಿಲಿಗ್ರಾಂ. ಕ್ಷಾರೀಯತೆ (ಆಮ್ಲವನ್ನು ತಟಸ್ಥ ಮಾಡುವ ಶಕ್ತಿ), ಆಮ್ಲೀಯತೆ (ಕ್ಷಾರವನ್ನು ತಟಸ್ಥ ಮಾಡುವ ಶಕ್ತಿ) ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಲ್ಯಾಬ್ ಕೊಟ್ಟಿರುವ ಆಮ್ಲೀಯತೆ 38. ಅರವತ್ತರಲ್ಲಿ ಮೂವತ್ತೆಂಟು ಕಳೆದು 22 ಉಳಿಯಿತು, ಹಾಗಾಗಿ "ನಿವ್ವಳ ಕ್ಷಾರೀಯ ನೀರು, ಸುಣ್ಣ ಬೇಕಿಲ್ಲ" ಎಂದು ಷರಾ ಬರೆದಿದ್ದಾರೆ.

ಆದರೆ ಅದೇ ನೀರು ಹೂಳುಕೊಳದಲ್ಲಿ ಒಂದೆರಡು ದಿನ ನಿಂತು ಹೊರಬೀಳುವಾಗ ಪಿಎಚ್ 3.8, ಕಬ್ಬಿಣ 12. ನಡುವೆ ಬೇರೆ ನೀರು ಸೇರುವುದಿಲ್ಲ. ಕೊಳದ ತಳವೆಲ್ಲ ಕಿತ್ತಳೆ ಕೆಸರು. ಮೀಟರ್ ಕೆಟ್ಟಿದೆ ಎನ್ನುವುದು ಸುಲಭದ ಉತ್ತರ. ಬೇರೆ ಏನಾದರೂ ಇರಬಹುದೇ? ಹಾಗೆಯೇ ಈ ಜಾಗಕ್ಕೆ ನಿಗಾ ಯೋಜನೆ ಹೊಸದಾಗಿ ಮಾಡುವುದಾದರೆ ಎಲ್ಲೆಲ್ಲಿ, ಏನೇನು, ಎಷ್ಟು ಸಲ ಅಳೆಯಬೇಕು?

ಟೈಟ್ರೇಶನ್ ತಾತ

ಮೀಟರ್ ಪಾಪ ಸರಿಯಾಗಿದೆ. ತಪ್ಪಿರುವುದು ಕಳೆಯುವ ಲೆಕ್ಕ.

ಗಣಿ ನೀರಿಗೆ ಮಾಡುವ ಆಮ್ಲೀಯತೆ ಪರೀಕ್ಷೆ ಸಾಮಾನ್ಯವಾಗಿ "ಬಿಸಿ ಪೆರಾಕ್ಸೈಡ್" ವಿಧಾನ. ಮಾದರಿಗೆ ಮೊದಲು ಅಳತೆ ಮಾಡಿದ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 4ರ ಕೆಳಗೆ ಇಳಿಸುತ್ತಾರೆ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕುದಿಸುತ್ತಾರೆ, ಆರಿಸಿ ಕ್ಷಾರದಿಂದ ಪಿಎಚ್ 8.2–8.3ರವರೆಗೆ ಟೈಟ್ರೇಟ್ ಮಾಡುತ್ತಾರೆ (ಹನಿಹನಿಯಾಗಿ ಅಳೆದು ಹಾಕುತ್ತಾರೆ), ಕೊನೆಗೆ ಹಾಕಿದ ಆಮ್ಲವನ್ನು ಕಳೆಯುತ್ತಾರೆ. ಹಾಕಿದ ಆಮ್ಲದಲ್ಲಿ ಒಂದು ಪಾಲನ್ನು ನೀರಿನ ಕ್ಷಾರೀಯತೆ ಅಲ್ಲೇ ತಿಂದುಬಿಟ್ಟಿರುತ್ತದೆ. ಅಂದರೆ ಬಂದ 38ರಲ್ಲಿ ಕ್ಷಾರೀಯತೆ ಆಗಲೇ ಕಳೆದುಹೋಗಿದೆ. ಅದೇ ನಿವ್ವಳ ಆಮ್ಲೀಯತೆ. ಅದರಿಂದ ಮತ್ತೆ 60 ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದ ಹಾಗೆ.

ಲೋಹಗಳ ಅಂಕಿಗಳಿಂದಲೇ ತಾಳೆ ನೋಡಿ. ಲೀಟರಿಗೆ ಒಂದು ಮಿಲಿಗ್ರಾಂ ಫೆರಸ್ (ಇನ್ನೂ ಉತ್ಕರ್ಷಿಸದ, ಅಂದರೆ ಆಮ್ಲಜನಕದೊಂದಿಗೆ ಪ್ರತಿಕ್ರಿಯಿಸದ) ಕಬ್ಬಿಣ 1.79, ಫೆರಿಕ್ (ಉತ್ಕರ್ಷಿಸಿದ) ಕಬ್ಬಿಣ 2.68, ಅಲ್ಯೂಮಿನಿಯಂ 5.56, ಮ್ಯಾಂಗನೀಸ್ 1.82 ಮಿ.ಗ್ರಾಂ. ಆಮ್ಲೀಯತೆ ಕೊಡುತ್ತದೆ. ಪಿಎಚ್ 6.2ರಲ್ಲಿ ಕರಗಿರುವ ಕಬ್ಬಿಣ ಬಹುತೇಕ ಫೆರಸ್ಸೇ. 50 × 1.79 = 89.5, 5 × 1.82 = 9.1, ಒಟ್ಟು 98 ಚಿಲ್ಲರೆ. ಇದರಿಂದ 60 ಕಳೆಯಿರಿ: 38. ಲ್ಯಾಬಿನ ಅಂಕಿಯೇ ಬಂತು.

ಕೊಳದಲ್ಲಿ ಆಗಿದ್ದೂ ಇಷ್ಟೇ. 50ರಲ್ಲಿ 12 ಉಳಿದಿದೆ, ಅಂದರೆ 38 ಮಿ.ಗ್ರಾಂ. ಕಬ್ಬಿಣ ಗಾಳಿ ತಾಗಿ ಹೈಡ್ರಾಕ್ಸೈಡ್ ಆಗಿ ತಳ ಸೇರಿದೆ. ಅದು ಹುಟ್ಟಿಸಿದ ಆಮ್ಲ 38 × 1.79 = 68. ಎದುರಿಗೆ ಇದ್ದದ್ದು 60. ಉಳಿದ 8 ಮಿ.ಗ್ರಾಂ. ಅಂದರೆ ಲೀಟರಿಗೆ 0.16 ಮಿಲಿಮೋಲ್ ಹೈಡ್ರೋಜನ್ ಅಯಾನು. ಅದರ ಪಿಎಚ್ ಎಷ್ಟು? 3.8.

ಹಳ್ಳದಂಡೆ

ಇಷ್ಟು ಕರಾರುವಾಕ್ಕಾಗಿ ಕೂಡುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಬಾಯಲ್ಲಿ ಬರುವ ಪಿಎಚ್‌ಗೆ ಅರ್ಥವೇ ಇಲ್ಲವೇ?

ಒರತೆ

ಅರ್ಥ ಇದೆ, ಒಂಟಿಯಾಗಿ ಇಲ್ಲ. ಪಿಎಚ್ ಹೇಳುವುದು ಈ ಕ್ಷಣದ ಸ್ಥಿತಿ. ಫೆರಸ್ ಕಬ್ಬಿಣ ಇನ್ನೂ ಹೊರಗೆ ಹಾಕದೆ ಇಟ್ಟುಕೊಂಡಿರುವ ಆಮ್ಲ ಅದರಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ, ಪದರಗಳಲ್ಲಿ ಸುಣ್ಣಕಲ್ಲಿನ ಅಂಶ ಧಾರಾಳವಾಗಿದ್ದರೆ ಪೈರೈಟ್ (ಆಮ್ಲ ಹುಟ್ಟಿಸುವ ಕಬ್ಬಿಣ-ಗಂಧಕದ ಖನಿಜ) ಎಷ್ಟೇ ಉತ್ಕರ್ಷಿಸಿದರೂ ಪಿಎಚ್ 7ರಿಂದ 8ರಲ್ಲೇ ನಿಂತಿರುತ್ತದೆ. ಆಮ್ಲ ಅಲ್ಲೇ ಸತ್ತುಹೋಗುತ್ತದೆ, ಸಲ್ಫೇಟ್ ಮಾತ್ರ ಉಳಿದು ಕೆಳಗೆ ಹರಿಯುತ್ತದೆ. ಆದ್ದರಿಂದ ಗಣಿಯ ಪ್ರಭಾವದ ಜಾಡು ಹಿಡಿಯಲು ಮೊದಲು ನೋಡಬೇಕಾದದ್ದು ಸಲ್ಫೇಟ್ ಮತ್ತು ವಿದ್ಯುತ್ ವಾಹಕತೆ. ಸಲ್ಫೇಟ್ ದಾರಿಯಲ್ಲಿ ಕಬ್ಬಿಣದಂತೆ ಸುಲಭವಾಗಿ ಕಳಚಿಕೊಳ್ಳುವುದಿಲ್ಲ.

ಜಾಗಗಳ ವಿಷಯ. ಗಣಿಯ ಮೇಲುಗಡೆ ಒಂದು, ಪ್ರತಿ ಹೊರಹರಿವಿನಲ್ಲಿ (ಸುರಂಗದ ಬಾಯಿ, ಹೂಳುಕೊಳದ ಹೊರದಾರಿ, ಗಣಿಯಿಂದ ತೆಗೆದು ಸುರಿದ ಮಣ್ಣುರಾಶಿಯ ಬುಡದ ಒರತೆ, ಕಲ್ಲಿದ್ದಲು ತೊಳೆಯುವ ಘಟಕದ ಹೊರಗಾಲುವೆ) ಒಂದೊಂದು, ಕೆಳಗೆ ನೀರು ಪೂರ್ತಿ ಬೆರೆತ ಮೇಲೆ ಒಂದು, ಮುಂದಿನ ದೊಡ್ಡ ಉಪನದಿ ಸೇರುವ ಮೊದಲು ಇನ್ನೊಂದು. "ಪೂರ್ತಿ ಬೆರೆತ" ಅನ್ನೋದನ್ನ ಅಂದಾಜಿನಿಂದ ಹೇಳಬೇಡಿ. ವಾಹಕತೆ ಮೀಟರ್ ಹಿಡಿದು ಹಳ್ಳವನ್ನು ಅಡ್ಡಕ್ಕೆ ದಾಟಿ, ಎಡದಂಡೆ, ನಡು, ಬಲದಂಡೆ ಮೂರು ಕಡೆ ಓದಿ. ವ್ಯತ್ಯಾಸ ಶೇ. 5ರೊಳಗಿದ್ದರೆ ಅಲ್ಲಿ ಮಾದರಿ ತೆಗೆಯಬಹುದು. ಇಲ್ಲದಿದ್ದರೆ ಇನ್ನಷ್ಟು ಕೆಳಗೆ ನಡೆಯಿರಿ. ಎಷ್ಟೋ ವರದಿಗಳಲ್ಲಿ "ಗಣಿ ಕೆಳಗಿನ ನೀರು" ಅಂತ ಬರೆದಿರೋದು ವಾಸ್ತವದಲ್ಲಿ ಆಚೆ ದಂಡೆಗೆ ಅಂಟಿಕೊಂಡು ಹರಿಯುವ ಶುದ್ಧ ನೀರು.

ಮೇಲುಗಡೆಯ ಹೋಲಿಕೆ ಬಿಂದುವಿಗೂ ಇದೇ ಎಚ್ಚರ ಬೇಕು. ಅದರ ಮೇಲೆ ಇನ್ನೊಂದು ಹಳೆ ಗಣಿ ಇದ್ದರೆ ಹೋಲಿಕೆಯೇ ಕೆಟ್ಟಂತೆ.

ಮಟ್ಟಗೋಲು

ಹರಿವು ಎಷ್ಟು ಅಂತ ಯಾರೂ ಕೇಳಲಿಲ್ಲ! ಹರಿವಿಲ್ಲದ ಸಾಂದ್ರತೆ ಅರ್ಧ ಅಂಕಿ. ಮಳೆಗಾಲದಲ್ಲಿ ಸಲ್ಫೇಟ್ 400ರಿಂದ 200ಕ್ಕೆ ಇಳಿದರೆ "ಸುಧಾರಣೆ" ಅಂತ ಬರೀತಾರೆ. ಅಷ್ಟರಲ್ಲಿ ಹರಿವು ನಾಲ್ಕು ಪಟ್ಟು ಏರಿದ್ದರೆ ಹೊರೆ (ಸಾಂದ್ರತೆ × ಹರಿವು) ಇಮ್ಮಡಿಯಾಗಿದೆ.

ಸುರಂಗದ ಬಾಯಿಯಂಥ ಚಿಕ್ಕ ಹರಿವಿಗೆ 90 ಡಿಗ್ರಿಯ "ವಿ" ಕಿಂಡಿಯ ತಡೆಹಲಗೆ ಸಾಕು. ಹರಿವು (ಸೆಕೆಂಡಿಗೆ ಘನ ಮೀಟರ್) = 1.38 × ಎತ್ತರದ (ಮೀಟರ್) 2.5ನೇ ಘಾತ. ಕಿಂಡಿಯ ತಳದಿಂದ ನೀರಿನ ಮಟ್ಟ 15 ಸೆಂ.ಮೀ. ಇದ್ದರೆ ಸೆಕೆಂಡಿಗೆ 12 ಲೀಟರ್, 16 ಸೆಂ.ಮೀ. ಇದ್ದರೆ 14.1 ಲೀಟರ್. ಒಂದೇ ಸೆಂಟಿಮೀಟರ್ ತಪ್ಪಿದರೆ ಶೇ. 17 ತಪ್ಪು. ಆದ್ದರಿಂದ ಅಳತೆಪಟ್ಟಿಯನ್ನು ಕಿಂಡಿಯ ಪಕ್ಕದಲ್ಲೇ ನೆಡಬೇಡಿ, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ನೀರು ಬರುವ ಕಡೆಗೆ, ಗರಿಷ್ಠ ಎತ್ತರದ ನಾಲ್ಕು ಪಟ್ಟು ದೂರ ಸರಿದು ನೆಡಿ, ಸೊನ್ನೆಯನ್ನು ಕಿಂಡಿಯ ತಳಕ್ಕೆ ಲೆವೆಲ್ ಮಾಡಿ. ಹಲಗೆಯ ಕೆಳಗೆ ನೀರು ಗಾಳಿ ಬಿಟ್ಟು ಧುಮುಕಬೇಕು. ಕೆಳಗಿನ ನೀರು ಕಿಂಡಿಯವರೆಗೆ ಏರಿ ಮುಳುಗಿಸಿದರೆ ಸೂತ್ರ ನಡೆಯೋದಿಲ್ಲ.

ಗಣಿ ನೀರಿನಲ್ಲಿ ಇದಕ್ಕೆ ಬರುವ ರೋಗ ಒಂದೇ: ಕಿತ್ತಳೆ ಕೆಸರು ಕಿಂಡಿಯ ಅಂಚಿಗೆ ಮೆತ್ತಿಕೊಂಡು ಕಿಂಡಿಯನ್ನು ಕಿರಿದಾಗಿಸುತ್ತದೆ. ನೀರಿನ ಮಟ್ಟ ಏರುತ್ತದೆ, ಹರಿವು ಏರಿದಂತೆ ಕಾಣುತ್ತದೆ. ಪ್ರತಿ ಸಲ ಮೊದಲು ಓದಿ, ಬ್ರಷ್‌ನಿಂದ ಉಜ್ಜಿ, ಮಟ್ಟ ನಿಂತ ಮೇಲೆ ಇನ್ನೊಮ್ಮೆ ಓದಿ. ಎರಡನ್ನೂ ಬರೆದಿಡಿ.

ಈ ನೀರಿಗೇ 12 ಲೀಟರ್ ಹಿಡಿದರೆ ದಿನಕ್ಕೆ ಸಲ್ಫೇಟ್ ಹೊರೆ ಸುಮಾರು 415 ಕೆ.ಜಿ. ಕೊಳದಲ್ಲಿ ಉಳಿಯುವ ಕಬ್ಬಿಣ ಸುಮಾರು 39 ಕೆ.ಜಿ.; ಹೈಡ್ರಾಕ್ಸೈಡ್ ಲೆಕ್ಕದಲ್ಲಿ ಒಣತೂಕ 75 ಕೆ.ಜಿ. ಅದರಲ್ಲಿ ಘನಾಂಶ ಶೇ. 5 ಇದ್ದರೂ ದಿನಾ ಒಂದೂವರೆ ಟನ್ ಹಸಿ ಕೆಸರು. ಕೊಳ ತುಂಬುತ್ತಾ ಬಂದ ಹಾಗೆ ನೀರು ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಹಾಗಾಗಿ ಕೆಸರಿನ ಆಳವೂ ನಿಗಾ ಪಟ್ಟಿಯಲ್ಲಿರಲಿ.

ಹೊಸಬ_7

ಬಾಟಲಿಗಳ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಒಂದೇ ಎರಡು ಲೀಟರ್ ಕ್ಯಾನ್‌ನಲ್ಲಿ ತುಂಬಿ ಲ್ಯಾಬಿಗೆ ಕೊಟ್ಟರೆ ಅವರೇ ಹಂಚಿಕೊಳ್ಳುವುದಿಲ್ಲವೇ?

ಟೈಟ್ರೇಶನ್ ತಾತ

ಹಂಚಿಕೊಳ್ಳುತ್ತಾರೆ, ಅಷ್ಟರಲ್ಲಿ ಹಂಚಿಕೊಳ್ಳಲು ಬೇರೆಯೇ ನೀರು ಇರುತ್ತದೆ. ಫೆರಸ್ ಕಬ್ಬಿಣವಿರುವ ನೀರು ಕ್ಯಾನಿನೊಳಗೇ ಪ್ರತಿಕ್ರಿಯೆ ಮುಂದುವರಿಸುತ್ತದೆ. ಪಿಎಚ್ ಇಳಿಯುತ್ತದೆ, ಕ್ಷಾರೀಯತೆ ಕರಗುತ್ತದೆ, "ಕರಗಿದ ಕಬ್ಬಿಣ" ಕೆಸರಾಗಿ ತಳಕ್ಕಿಳಿದು ಲ್ಯಾಬಿನ ಸೋಸುಹಾಳೆಯಲ್ಲಿ ಸಿಕ್ಕಿಬೀಳುತ್ತದೆ, ತೇಲುಕಣಗಳ ಅಂಕಿ ಸುಳ್ಳೇ ಏರುತ್ತದೆ. ನಾಲ್ಕು ಅಂಕಿ ಒಂದೇ ಏಟಿಗೆ ಹಾಳು.

ಕನಿಷ್ಠ ಹೀಗೆ ಮಾಡಿ:

ಕರಗಿದ ಲೋಹಗಳಿಗೆ 250 ಮಿ.ಲೀ. ಪ್ಲಾಸ್ಟಿಕ್ ಬಾಟಲಿ. ಹಳ್ಳದ ಪಕ್ಕದಲ್ಲೇ ಸಿರಿಂಜ್ ಮತ್ತು 0.45 ಮೈಕ್ರಾನ್ ಫಿಲ್ಟರ್‌ನಿಂದ ಸೋಸಿ, ಮೊದಲ ಸ್ವಲ್ಪ ನೀರು ಚೆಲ್ಲಿ, ಆಮೇಲೆ ತುಂಬಿ. ಸುಮಾರು ಅರ್ಧ ಮಿ.ಲೀ. ಸಾಂದ್ರ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ತನ್ನಿ. ತಂದಿದ್ದೀರಾ ಎಂದು ನೋಡಲು ಪಿಎಚ್ ಕಾಗದದ ಪಟ್ಟಿಯನ್ನು ಬಾಟಲಿಯಲ್ಲಿ ಅದ್ದಬೇಡಿ, ಒಂದು ಹನಿಯನ್ನು ಪಟ್ಟಿಯ ಮೇಲೆ ಬಿಡಿ. ಆರು ತಿಂಗಳು ಕೆಡುವುದಿಲ್ಲ. ಪಾದರಸ ಮಾತ್ರ 28 ದಿನ.

ಒಟ್ಟು ಲೋಹಗಳಿಗೆ ಸೋಸದ ಇನ್ನೊಂದು ಬಾಟಲಿ, ಅದೇ ಆಮ್ಲ.

ಸಲ್ಫೇಟ್, ಕ್ಲೋರೈಡ್, ನೈಟ್ರೇಟ್‌ಗೆ ಆಮ್ಲವಿಲ್ಲದ ಬಾಟಲಿ, ಐಸ್ ಮೇಲೆ. ಸಲ್ಫೇಟ್‌ಗೆ 28 ದಿನ ಅವಕಾಶವಿದೆ, ನೈಟ್ರೇಟ್‌ಗೆ 48 ಗಂಟೆಯಷ್ಟೇ. ನೈಟ್ರಿಕ್ ಹಾಕಿದ ಬಾಟಲಿಯಲ್ಲಿ ನೈಟ್ರೇಟ್ ಅಳೆಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ, ಆದರೂ ವರದಿಗಳಲ್ಲಿ ಆಗಾಗ ಕಾಣಿಸುತ್ತದೆ.

ಕ್ಷಾರೀಯತೆಯನ್ನು ಸ್ಥಳದಲ್ಲೇ ಮಾಡಿ. 100 ಮಿ.ಲೀ. ನೀರು, 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ, ಪಿಎಚ್ 4.5ರವರೆಗೆ. ಇಳಿದ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. ಸ್ಥಳದಲ್ಲಿ ಆಗದಿದ್ದರೆ ಬಾಟಲಿಯನ್ನು ಕಂಠಪೂರ್ತಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಐಸಿಗಿಟ್ಟು, ಅದೇ ದಿನ ಲ್ಯಾಬಿಗೆ ಮುಟ್ಟಿಸಿ.

ಎಣ್ಣೆ-ಗ್ರೀಸ್‌ಗೆ ಗಾಜಿನ ಬಾಟಲಿಯೇ ಬೇಕು, ಬೇರೆ ಪಾತ್ರೆಯಿಂದ ಸುರಿದು ತುಂಬಬಾರದು.

ಹತ್ತು ಮಾದರಿಗೆ ಒಂದು ಜೋಡಿ ಮಾದರಿ, ಪ್ರತಿ ಸುತ್ತಿಗೆ ಒಂದು ಖಾಲಿ ಮಾದರಿ. ಅಯಾನುರಹಿತ ನೀರನ್ನು ಅದೇ ಸಿರಿಂಜ್, ಅದೇ ಫಿಲ್ಟರ್, ಅದೇ ಆಮ್ಲದಿಂದ ಹಾಯಿಸಿ ತುಂಬಿ. ಅದರಲ್ಲಿ ಸತು ಬಂದರೆ ಗಣಿಯನ್ನು ಬಯ್ಯುವ ಮೊದಲು ನಿಮ್ಮ ಸಾಮಾನನ್ನು ನೋಡಿ.

ಒರತೆ

ತಾತ ಹೇಳಿದ್ದಕ್ಕೆ ಒಂದು ತಿದ್ದುಪಡಿ. 0.45 ಮೈಕ್ರಾನ್ ಫಿಲ್ಟರ್ ಮೂಲಕ ಅತಿ ಸಣ್ಣ ಕಬ್ಬಿಣ, ಅಲ್ಯೂಮಿನಿಯಂ ಕಣಗಳು ನುಸುಳಿ "ಕರಗಿದ" ಪಟ್ಟಿಗೆ ಸೇರುತ್ತವೆ. ಪಿಎಚ್ 7 ಇರುವ, ಆಮ್ಲಜನಕ ತುಂಬಿದ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ 2 ಮಿ.ಗ್ರಾಂ. ಅಂತ ಬಂದರೆ ನಂಬಬೇಡಿ, 0.1 ಮೈಕ್ರಾನ್‌ನಲ್ಲಿ ಸೋಸಿ ಇನ್ನೊಮ್ಮೆ ನೋಡಿ.

ಮೀಟರಿನ ಬಗ್ಗೆಯೂ ಹೇಳಿಬಿಡ್ತೀನಿ. ಪಿಎಚ್‌ಗೆ 4, 7, 10 ಮೂರು ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ), ದಿನಾ ಬೆಳಗ್ಗೆ. ಸಂಜೆ 7ರ ಬಫರ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ. 25 ಡಿಗ್ರಿಯಲ್ಲಿ ಒಂದು ಪಿಎಚ್ ಘಟಕಕ್ಕೆ 59 ಮಿಲಿವೋಲ್ಟ್ ಬರಬೇಕು, ಅದರ ಶೇ. 92ಕ್ಕಿಂತ ಕೆಳಗಿಳಿದರೆ ಎಲೆಕ್ಟ್ರೋಡ್ ದಣಿದಿದೆ. ಕಬ್ಬಿಣದ ಲೇಪ ಕಟ್ಟಿದ್ದರೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹತ್ತು ನಿಮಿಷ, ತೊಳೆದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ನೆನೆಹಾಕಿ, ಮತ್ತೆ ಕ್ಯಾಲಿಬ್ರೇಶನ್. ಬಟ್ಟಿ ಇಳಿಸಿದ ನೀರಿನಲ್ಲಿ ಮಾತ್ರ ಇಡಬೇಡಿ. ವಾಹಕತೆಗೆ 1413 ಮೈಕ್ರೋಸೀಮೆನ್ಸ್ ದ್ರಾವಣ. ಓದು 25 ಡಿಗ್ರಿಗೆ ಸರಿಹೊಂದಿಸಿದ್ದೋ ಅಲ್ಲವೋ ನೋಡಿಕೊಳ್ಳಿ. ಒಂದು ಡಿಗ್ರಿಗೆ ಸುಮಾರು ಶೇ. 2 ವ್ಯತ್ಯಾಸ. ಸರಿಹೊಂದಿಸದ, ತಾನೇ ಅಂಕಿ ಬರೆದುಕೊಳ್ಳುವ ಲಾಗರ್‌ನ ಗ್ರಾಫ್‌ನಲ್ಲಿ ಕಾಣುವ ಹಗಲು-ರಾತ್ರಿಯ ಅಲೆ ಉಪ್ಪಿನದಲ್ಲ, ಬಿಸಿಲಿನದು.

ಹಳ್ಳದಂಡೆ

ಎಷ್ಟು ಸಲ? ತಿಂಗಳಿಗೊಮ್ಮೆ ಸಾಕೇ?

ಮಟ್ಟಗೋಲು

ನನ್ನ ಪ್ರಕಾರ ಸಾಲದು. ಬೇಸಿಗೆಯಿಡೀ ಮಣ್ಣುರಾಶಿಯ ಮೇಲೆ ಬಿಳಿ, ಹಳದಿ ಬಣ್ಣದ ಸಲ್ಫೇಟ್ ಉಪ್ಪು ಪುಡಿಪುಡಿಯಾಗಿ ಕೂತಿರುತ್ತದೆ. ಅದರೊಳಗೆ ಆಮ್ಲವೂ ಲೋಹವೂ ಕಟ್ಟಿಟ್ಟ ಗಂಟಿನಂತೆ ಇರುತ್ತವೆ. ಮೊದಲ ಜೋರು ಮಳೆ ಅದನ್ನೆಲ್ಲ ಕೆಲವೇ ಗಂಟೆಗಳಲ್ಲಿ ತೊಳೆದು ಇಳಿಸುತ್ತದೆ. ತಿಂಗಳಿಗೊಂದು ಮಾದರಿ ಆ ಗಂಟೆಗಳಿಗೆ ಎದುರಾಗುವುದು ಅಪರೂಪ.

ವಾಹಕತೆ, ನೀರಿನ ಮಟ್ಟ, ಉಷ್ಣತೆಗೆ 15 ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಲಾಗರ್ ಇಡಿ. ಮಟ್ಟ ಇಷ್ಟು ಏರಿದರೆ ಎಚ್ಚೆತ್ತು ತಾನೇ ಮಾದರಿ ತುಂಬಿಕೊಳ್ಳುವ 24 ಬಾಟಲಿಯ ಯಂತ್ರ ಇನ್ನೂ ಒಳ್ಳೆಯದು.

ಟೈಟ್ರೇಶನ್ ತಾತ

ಆ ಯಂತ್ರದ ಬಾಟಲಿಗಳು ಸೋಸದೆ, ಆಮ್ಲವಿಲ್ಲದೆ ದಿನಗಟ್ಟಲೆ ನಿಂತಿರುತ್ತವೆ. ಕರಗಿದ ಲೋಹ, ಪಿಎಚ್, ಕ್ಷಾರೀಯತೆ ಅದರಿಂದ ಸಿಗುವುದಿಲ್ಲ. ಒಂದು ಬಿಟ್ಟು ಒಂದು ಬಾಟಲಿಗೆ ಮೊದಲೇ ಆಮ್ಲ ಹಾಕಿಟ್ಟರೆ ಅವುಗಳಲ್ಲಿ ಒಟ್ಟು ಲೋಹ, ಉಳಿದವುಗಳಲ್ಲಿ ಸಲ್ಫೇಟ್. ಅಷ್ಟಕ್ಕೆ ತೃಪ್ತಿಪಡಬೇಕು.

ತಿಂಗಳ ಮಾದರಿಯನ್ನು ಹೀಗಳೆಯುವುದೂ ಬೇಡ. ಲಾಗರ್ ಅಂಕಿಗೆ ಅರ್ಥ ಬರುವುದೇ ಲ್ಯಾಬ್ ಮಾದರಿಯಿಂದ. ಇಪ್ಪತ್ತು-ಮೂವತ್ತು ಮಾದರಿಗಳಾದ ಮೇಲೆ ವಾಹಕತೆಗೂ ಸಲ್ಫೇಟ್‌ಗೂ ಒಂದು ಗೆರೆ ಹಾಕಬಹುದು. ಅದು ಆ ಹಳ್ಳಕ್ಕೆ ಮಾತ್ರ. ಪಕ್ಕದ ಹಳ್ಳಕ್ಕೆ ಎರವಲು ಕೊಡಬೇಡಿ.

ಮಟ್ಟಗೋಲು

ಒಪ್ಪಿದೆ. ಎರಡೂ ಬೇಕು.

ಬಂಡೆಪದರ

ಅಂತರ್ಜಲದ ಕಡೆಯೂ ಗಮನ ಇರಲಿ, ಅಲ್ಲಿ ದಿಕ್ಕಿನದೇ ದೊಡ್ಡ ಗೊಂದಲ. ನೀರಿನ ಇಳಿಜಾರು ಯಾವ ಕಡೆ ಎಂದು ತಿಳಿಯಲು ಒಂದೇ ಗೆರೆಯಲ್ಲಿಲ್ಲದ ಮೂರು ವೀಕ್ಷಣಾ ಬಾವಿಗಳಾದರೂ ಬೇಕು, ಮೂರೂ ಒಂದೇ ಜಲಪದರಕ್ಕೆ ತೆರೆದಿರಬೇಕು. ಗಣಿಯಿಂದ ನೀರು ಎತ್ತುತ್ತಿರುವವರೆಗೆ ಗುಂಡಿಯೇ ಸುತ್ತಲಿನ ನೀರನ್ನು ತನ್ನತ್ತ ಎಳೆಯುತ್ತದೆ. ಆ ಕಾಲದಲ್ಲಿ ಸುತ್ತಲ ಬಾವಿಗಳ ನೀರು ಶುದ್ಧವಾಗಿಯೇ ಇದ್ದು ಮಟ್ಟ ಮಾತ್ರ ಇಳಿಯುತ್ತದೆ. ಪಂಪ್ ನಿಂತ ಮೇಲೆ ನೀರು ಮೇಲೇರುತ್ತಾ, ಸುರಂಗದ ಗೋಡೆಗಳಲ್ಲಿ ವರ್ಷಗಟ್ಟಲೆ ಕೂತ ಉಪ್ಪನ್ನು ಕರಗಿಸಿಕೊಂಡು ತಗ್ಗಿನ ದಾರಿ ಹುಡುಕುತ್ತದೆ. ಮೊದಲು ಹೊರಬರುವ ನೀರೇ ಅತಿ ಕೆಟ್ಟದ್ದು, ಆಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ಗಣಿ ನಡೆಯುವಾಗಿನ ಹತ್ತು ವರ್ಷದ ಶುದ್ಧ ವರದಿ ಮುಂದಿನದಕ್ಕೆ ಜಾಮೀನಲ್ಲ. ನೀರು ಏರುವ ಕಾಲದಲ್ಲಿ ಮಟ್ಟವನ್ನು ವಾರಕ್ಕೊಮ್ಮೆಯಾದರೂ ನೋಡಿ. ಎಲ್ಲಿ, ಯಾವಾಗ ಉಕ್ಕುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು.

ಬಾವಿಯಿಂದ ಮಾದರಿ ತೆಗೆಯುವಾಗ ಕೊಳವೆಯಲ್ಲಿ ನಿಂತ ಹಳಸು ನೀರನ್ನು ಮೊದಲು ಹೊರಹಾಕಿ. 50 ಮಿ.ಮೀ. ಕೊಳವೆಯಲ್ಲಿ ಮೀಟರಿಗೆ 1.96 ಲೀಟರ್, 12 ಮೀಟರ್ ನೀರಿದ್ದರೆ 23.5 ಲೀಟರ್, ಮೂರು ಪಟ್ಟು ಸುಮಾರು 71 ಲೀಟರ್. ಇಲ್ಲವೇ ನಿಮಿಷಕ್ಕೆ 100ರಿಂದ 500 ಮಿ.ಲೀ. ನಿಧಾನಗತಿಯಲ್ಲಿ ಪಂಪ್ ಮಾಡಿ: ಮೂರು ಸತತ ಓದುಗಳಲ್ಲಿ ಪಿಎಚ್ 0.1ರೊಳಗೆ, ವಾಹಕತೆ ಶೇ. 3ರೊಳಗೆ, ಕರಗಿದ ಆಮ್ಲಜನಕ ಶೇ. 10ರೊಳಗೆ ನಿಂತ ಮೇಲೆ ತುಂಬಿ. ಬೈಲರ್ ಬಕೆಟ್ಟನ್ನು ದಬದಬನೆ ಇಳಿಸಿದರೆ ತಳದ ಹೂಳು ಕದಡಿ ಒಟ್ಟು ಕಬ್ಬಿಣ ಗಗನಕ್ಕೇರುತ್ತದೆ.

ಮರಿಹುಳ

ತಳದ ಬಣ್ಣ ಓದುವುದಕ್ಕೆ ಒಂದೆರಡು ಗುಟ್ಟು. ಕಿತ್ತಳೆ ಅಂದರೆ ಕಬ್ಬಿಣ. ಆಮ್ಲದ ನೀರು ಶುದ್ಧ ನೀರಿಗೆ ಸೇರುವ ಜಾಗದಲ್ಲಿ ಹಾಲು ಚೆಲ್ಲಿದಂತೆ ಬಿಳಿ ಕಂಡರೆ ಅಲ್ಯೂಮಿನಿಯಂ, ಪಿಎಚ್ 4.5–5 ದಾಟುತ್ತಿದ್ದಂತೆ ಬೀಳುತ್ತದೆ. ಮೀನಿನ ಕಿವಿರಿಗೆ ಅತಿ ಅಪಾಯದ ತಾಣ ಅದು. ಕಪ್ಪು ಕಂಡರೆ ಎರಡು ಸಾಧ್ಯತೆ. ಕಲ್ಲಿದ್ದಲ ಪುಡಿಯಾದರೆ ಕಲ್ಲನ್ನು ನೀರಿನಲ್ಲಿ ಅಲ್ಲಾಡಿಸಿದ ಕೂಡಲೇ ಬಿಟ್ಟುಹೋಗುತ್ತದೆ. ಮ್ಯಾಂಗನೀಸ್ ಲೇಪವಾದರೆ ಉಗುರಿನಿಂದ ಕೆರೆದರೂ ಬಿಡುವುದಿಲ್ಲ, ಮೇಲೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಬುಸಬುಸನೆ ನೊರೆ ಏಳುತ್ತದೆ.

ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಂಡ ಕೂಡಲೇ ಎಣ್ಣೆ ಎನ್ನಬೇಡಿ. ಕಡ್ಡಿಯಿಂದ ಚುಚ್ಚಿ. ಗಾಜಿನ ಚೂರಿನಂತೆ ಒಡೆದು ಹಾಗೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾ, ಮತ್ತೆ ಕೂಡಿಕೊಂಡರೆ ಎಣ್ಣೆ.

ಲೋಹವೆಲ್ಲ ಮಿತಿಯೊಳಗಿದ್ದರೂ ಉಪ್ಪೇ ಜೀವಿಗಳನ್ನು ಓಡಿಸಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2011ರಲ್ಲಿ ಮಧ್ಯ ಅಪಲಾಚಿಯಾದ ತೊರೆಗಳಿಗೆ ವಾಹಕತೆಯ ಮಟ್ಟ 300 ಮೈಕ್ರೋಸೀಮೆನ್ಸ್ ಎಂದು ಗುರುತಿಸಿತು. ಅಲ್ಲಿ ಮೊದಲು ಮರೆಯಾಗುವುದು ಮೇಫ್ಲೈ ಎಂಬ ಕೀಟದ, ನೀರಿನಲ್ಲಿ ಬೆಳೆಯುವ ಮರಿಗಳು. ಆ ಅಂಕಿಯನ್ನು ಬೇರೆ ಪ್ರದೇಶಕ್ಕೆ ಹಾಗೇ ತಂದು ಅಂಟಿಸಬಾರದು, ಕ್ರಮ ಮಾತ್ರ ಅನುಸರಿಸಬಹುದು: ಹುಳುಗಳನ್ನು ಹಿಡಿಯಲು 500 ಮೈಕ್ರಾನ್ ಬಲೆ, ಮೇಲೆ-ಕೆಳಗೆ ಒಂದೇ ತರಹದ ಕಲ್ಲುತಳ, ಒಂದೇ ಋತು.

ಹೊಸಬ_7

ನೈಟ್ರೇಟ್ ಯಾಕೆ ಪಟ್ಟಿಯಲ್ಲಿ? ಕಲ್ಲಿದ್ದಲಿಗೂ ಅದಕ್ಕೂ ಏನು ಸಂಬಂಧ?

ಬಂಡೆಪದರ

ಸ್ಫೋಟಕದಿಂದ. ಗಣಿಗಳಲ್ಲಿ ಹೆಚ್ಚು ಬಳಸುವುದು ಶೇ. 94 ಅಮೋನಿಯಂ ನೈಟ್ರೇಟ್, ಶೇ. 6 ಡೀಸೆಲ್ ಬೆರೆಸಿದ ಮಿಶ್ರಣ. ಒದ್ದೆ ರಂಧ್ರಕ್ಕೆ ಸುರಿದರೆ ಸಿಡಿಯುವ ಮೊದಲೇ ಕರಗುತ್ತದೆ. ವರದಿ ಓದುವಾಗ ಅಂಕಿ "ನೈಟ್ರೇಟ್"ನದೋ "ನೈಟ್ರೇಟ್ ರೂಪದ ಸಾರಜನಕ"ದ್ದೋ ನೋಡಿ, ಎರಡರ ನಡುವೆ 4.43 ಪಟ್ಟು ಅಂತರ.

ಅದೇ ಉಸಿರಿನಲ್ಲಿ ಸೆಲೆನಿಯಂ. ಪಿಎಚ್ ಸರಿಯಿರುವ, ಆಮ್ಲಜನಕವಿರುವ ನೀರಿನಲ್ಲೇ ಅದು ಸೆಲೆನೇಟ್ ಆಗಿ ಆರಾಮಾಗಿ ಓಡಾಡುತ್ತದೆ. ಕೆನಡಾದ ಎಲ್ಕ್ ಕಣಿವೆಯ ಕಲ್ಲಿದ್ದಲು ಗಣಿಗಳ ಕೆಳಗಿನ ತಲೆನೋವು ಅದೇ. ಹರಿಯುವ ನೀರಿಗೆ ಅಮೆರಿಕದ 2016ರ ಮಾನದಂಡ ಲೀಟರಿಗೆ 3.1 ಮೈಕ್ರೋಗ್ರಾಂ. ನಿಮ್ಮ ಲ್ಯಾಬಿನ ಪತ್ತೆಮಿತಿ 10 ಇದ್ದರೆ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬೆಲೆ ಇಲ್ಲ. ಮಾದರಿ ಕಳಿಸುವ ಮೊದಲೇ ಪತ್ತೆಮಿತಿ ಕೇಳಿ.

ಟೈಟ್ರೇಶನ್ ತಾತ

ವರದಿ ಕೈಗೆ ಬಂದ ದಿನವೇ ಮಾಡಬೇಕಾದ ಇನ್ನೊಂದು ಕೆಲಸ ಅಯಾನುಗಳ ತಾಳೆ: ನೀರಿನಲ್ಲಿ ಧನ, ಋಣ ವಿದ್ಯುದಂಶಗಳ ಮೊತ್ತ ಸಮ ಬರಬೇಕು. ಲೀಟರಿಗೆ ಮಿ.ಗ್ರಾಂ. ಅಂಕಿಯನ್ನು ಕ್ಯಾಲ್ಸಿಯಂ 20, ಮೆಗ್ನೀಸಿಯಂ 12.15, ಸೋಡಿಯಂ 23, ಸಲ್ಫೇಟ್ 48, ಕ್ಲೋರೈಡ್ 35.5, ಕ್ಷಾರೀಯತೆ 50ರಿಂದ ಭಾಗಿಸಿ. ಉದಾಹರಣೆಗೆ ಕ್ಯಾಲ್ಸಿಯಂ 160, ಮೆಗ್ನೀಸಿಯಂ 61, ಸೋಡಿಯಂ 46 ಸೇರಿ ಧನ ಕಡೆ 15. ಸಲ್ಫೇಟ್ 480, ಕ್ಷಾರೀಯತೆ 150, ಕ್ಲೋರೈಡ್ 35.5 ಸೇರಿ ಋಣ ಕಡೆ 14. ವ್ಯತ್ಯಾಸ 1, ಮೊತ್ತ 29, ಶೇ. 3.4. ಶೇ. 5ರೊಳಗಿದ್ದರೆ ಸರಿ. ಮೀರಿದರೆ ಮೊದಲು ಸಲ್ಫೇಟನ್ನು ಅನುಮಾನಿಸಿ, ಅದಕ್ಕೆ ಮಾದರಿಯನ್ನು ಹಲವು ಪಟ್ಟು ತೆಳುಮಾಡಿರುತ್ತಾರೆ, ಗುಣಿಸುವಾಗ ಒಂದು ಸೊನ್ನೆ ಆಚೀಚೆ ಆಗಿರುತ್ತದೆ. ಆಮ್ಲದ ನೀರಾದರೆ ಕಬ್ಬಿಣ, ಅಲ್ಯೂಮಿನಿಯಂ, ಹೈಡ್ರೋಜನ್ ಅಯಾನನ್ನೂ ಧನ ಕಡೆಗೆ ಸೇರಿಸಿ, ಇಲ್ಲದಿದ್ದರೆ ತಾಳೆ ಬರೋದೇ ಇಲ್ಲ.

ಒರತೆ

ಸುರಕ್ಷತೆಯದು ಒಂದೇ ಸಾಲು: ಮಾದರಿ ಬಾಯಿಯ ಹೊರಗಿನಿಂದಲೇ, ಉದ್ದ ಕೋಲಿಗೆ ಕಟ್ಟಿದ ಪಾತ್ರೆಯಿಂದ. ಹಳೆ ಸುರಂಗದೊಳಗೆ ಆಮ್ಲಜನಕ ಕಡಿಮೆ ಇರುವುದು ಕಣ್ಣಿಗೂ ಮೂಗಿಗೂ ಗೊತ್ತಾಗುವುದಿಲ್ಲ. ಕೊಳದ ಕೆಸರಿನ ಮೇಲಿನ ಒಣ ಪದರದ ಮೇಲೆ ಕಾಲಿಡಬೇಡಿ.

ಹಳ್ಳದಂಡೆ

ಕೊನೆಯದಾಗಿ ಒಂದು. ಇದೇ ಜಾಗದ ಹಿಂದಿನ ಮೂರು ವರದಿಗಳಲ್ಲಿ ಬಿಸಿ ಆಮ್ಲೀಯತೆ "0" ಅಂತಿದೆ. ಅಂದರೆ ಆಗ ನೀರು ಸರಿಯಿತ್ತೇ?

ಟೈಟ್ರೇಶನ್ ತಾತ

ಸೊನ್ನೆಯೋ, ಋಣ ಅಂಕಿ ಬಂದದ್ದನ್ನು ಸೊನ್ನೆ ಮಾಡಿದ್ದೋ ಕೇಳಿ. ನಿವ್ವಳ ಕ್ಷಾರೀಯ ನೀರಿನಲ್ಲಿ ಈ ಪರೀಕ್ಷೆ -80, -120 ಹೀಗೆ ಋಣದಲ್ಲೇ ಬರಬೇಕು. ಕೆಲವು ಲ್ಯಾಬ್‌ಗಳ ಸಾಫ್ಟ್‌ವೇರ್ ಋಣವನ್ನು ಒಪ್ಪದೆ ಸೊನ್ನೆ ಮುದ್ರಿಸುತ್ತದೆ. -120ರಿಂದ -10ಕ್ಕೆ ಬಂದು ಈಗ 38 ಆಗಿದ್ದರೆ ಆ ಜಾರುವಿಕೆಯೆಲ್ಲ ಮೂರು ಸೊನ್ನೆಗಳ ಹಿಂದೆ ಅಡಗಿದೆ. ಟೈಟ್ರೇಶನ್ ಹಾಳೆಯ ನಕಲು ತರಿಸಿ: ಹಾಕಿದ ಆಮ್ಲ ಎಷ್ಟು ಮಿ.ಲೀ., ಇಳಿದ ಕ್ಷಾರ ಎಷ್ಟು ಮಿ.ಲೀ., ಎರಡರ ನಾರ್ಮಾಲಿಟಿ, ಮಾದರಿಯ ಪ್ರಮಾಣ. ಅವಿಷ್ಟನ್ನು ಇಲ್ಲಿ ಹಾಕಿ, ಲೆಕ್ಕ ಕಟ್ಟೋಣ.